ಹಿರಿಯರಿಗಾಗಿ ಮ್ಯೂಸಿಯಂ ಏನು ಮಾಡಬಹುದು? ‘ಹಿರಿಯರ ದಿನ’ ಒಂದು ಬಿಟ್ಟು ಬೇರೆ ಏನಾದರೂ ಹೇಳಿ

ಕಿಟಕಿಬದಿ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತೇನೆ. ಶಾಲಾ ಮಕ್ಕಳ ಕಾರ್ಯಕ್ರಮಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಈಗ ಮೇಲಿನವರು ಹೊಸ ಹೊಣೆ ಹೊರಿಸಿದ್ದಾರೆ. 60 ದಾಟಿದವರಿಗೆ ಏನಾದರೂ ಮಾಡಬೇಕು, ಯೋಜನೆ ಬರೆದುಕೊಡಿ ಅಂತ. ಅವರ ತಲೆಯಲ್ಲಿರುವುದು ವರ್ಷಕ್ಕೊಂದು ‘ಹಿರಿಯರ ದಿನ’. ಅವತ್ತು ಟಿಕೆಟ್ ಇಲ್ಲ, ಒಂದು ಭಾಷಣ, ಒಂದು ಗುಂಪು ಫೋಟೋ, ಆಮೇಲೆ ಎಲ್ಲರೂ ಮನೆಗೆ.

ನನಗ್ಯಾಕೋ ಇದು ಸರಿ ಬರುತ್ತಿಲ್ಲ. ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಹೆಚ್ಚಿನವರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮಕ್ಕಳು ಒಳಗೆ ಓಡುತ್ತವೆ. ಇವರು ಬ್ಯಾಗು, ನೀರಿನ ಬಾಟಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿರುತ್ತಾರೆ. ಒಂದು ಗ್ಯಾಲರಿ ನೋಡಿ ಮುಗಿಸುವವರೇ ಕಡಿಮೆ. ಒಬ್ಬರೇ ಬರುವ ಹಿರಿಯರು ಇನ್ನೂ ಕಡಿಮೆ.

ನಿಮ್ಮಲ್ಲಿ ವಯಸ್ಸಾದವರಿದ್ದೀರಿ, ವಯಸ್ಸಾದವರನ್ನು ನೋಡಿಕೊಳ್ಳುವವರಿದ್ದೀರಿ, ನನ್ನ ಹಾಗೆ ಮ್ಯೂಸಿಯಂ ಕೆಲಸದವರೂ ಇದ್ದೀರಿ. ನಿಜವಾಗಿ ಏನು ಮಾಡಿದರೆ ಉಪಯೋಗ? ದುಡ್ಡು ಹೆಚ್ಚಿಲ್ಲ ಅನ್ನುವುದನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ನಿಧಾನಸ್ತ:

ಮೇಡಂ, ನನಗೆ 70 ದಾಟಿದೆ. ಹಾಗಾಗಿ ಮೊದಲು ನಾನೇ ಬಾಯಿ ಹಾಕುತ್ತೇನೆ. ಕಾರ್ಯಕ್ರಮ ಆಮೇಲೆ ಇರಲಿ, ಮೊದಲು ಕುರ್ಚಿ ಹಾಕಿಸಿ.

ತಮಾಷೆಗೆ ಹೇಳುತ್ತಿಲ್ಲ. ಮ್ಯೂಸಿಯಂನ ಬೆಂಚನ್ನು ಒಮ್ಮೆ ಹತ್ತಿರದಿಂದ ನೋಡಿ. ನುಣ್ಣನೆಯ ಕಲ್ಲೋ ಮರವೋ ಇರುತ್ತದೆ, ನೋಡೋಕೆ ಚೆಂದ. ಬೆನ್ನಿಗೆ ಆಸರೆ ಇಲ್ಲ, ಕೈಗೆ ಹಿಡಿ ಇಲ್ಲ, ಮೊಣಕಾಲಿಗಿಂತ ಕೆಳಗಿರುತ್ತದೆ. ಕೂರುವುದು ಹೇಗೋ ಆಗುತ್ತದೆ. ಏಳುವುದು? ಎರಡೂ ಅಂಗೈಯನ್ನು ಅಂಚಿಗೆ ಊರಿ, ಮುಂದಕ್ಕೆ ಬಾಗಿ, ಉಸಿರು ಬಿಗಿ ಹಿಡಿದು ಎದ್ದೇಳಬೇಕು. ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ ಓಡಿಬಂದು ತೋಳು ಹಿಡಿಯುತ್ತಾನೆ. ಒಳ್ಳೆಯ ಹುಡುಗನೇ. ಆದರೆ ಹತ್ತು ಜನರ ಎದುರು ಹಾಗೆ ಎಬ್ಬಿಸಿಕೊಳ್ಳುವುದು ಬೇಡ ಅಂತ ನಾನು ಕೂರುವುದನ್ನೇ ಬಿಟ್ಟೆ. ಕೂರದಿದ್ದರೆ ಅರ್ಧ ಗಂಟೆಯಲ್ಲಿ ಸೊಂಟ ಮಾತಾಡಲು ಶುರು ಮಾಡುತ್ತದೆ. ಹೊರಗೆ ಬಂದುಬಿಡುತ್ತೇನೆ.

ಸುಮಾರು 45 ಸೆಂಟಿಮೀಟರ್ ಎತ್ತರ, ಬೆನ್ನಿಗೊಂದು ಆಸರೆ, ಎರಡು ಕೈ. ಇಷ್ಟು ಸಾಕು. ಇನ್ನೊಂದು ಮಾತು: ಬೆಂಚನ್ನು ಕಾರಿಡಾರಿನಲ್ಲಿ ಇಡಬೇಡಿ. ಅಲ್ಲಿ ಕೂತರೆ ಎದುರಿಗೆ ಕಾಣುವುದು ಬೆಂಕಿ ಆರಿಸುವ ಸಿಲಿಂಡರ್. ಚಿತ್ರದ ಮುಂದೆ ಇಡಿ. ಕೂತೇ ನೋಡೋಣ.

ಚುಟುಕು:

ಬೆಂಕಿ ಆರಿಸುವ ಸಿಲಿಂಡರ್ 😂 ನಾನೂ ಅದನ್ನೇ ನೋಡಿಕೊಂಡು ಕೂತಿದ್ದೇನೆ. ಅದರ ಲೇಬಲ್ ಮಾತ್ರ ಚೆನ್ನಾಗಿ ಓದೋಕೆ ಬರುತ್ತೆ, ದಪ್ಪ ಅಕ್ಷರ!

ಹಳೆಕಾಗದ:

ನಾನು ಸಂರಕ್ಷಣಾ ವಿಭಾಗದವಳು. ಅಂದರೆ ‘ಮುಟ್ಟಬೇಡಿ’ ಬೋರ್ಡಿನ ಹಿಂದಿರುವ ಮನುಷ್ಯೆ. ನಿಧಾನಸ್ತ ಸರ್ ಹೇಳಿದ್ದಕ್ಕೆ ಹಳೆಯ ಇತಿಹಾಸವೇ ಇದೆ. ಬೋಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ‘ಮ್ಯೂಸಿಯಂ ದಣಿವು’ ಅಂತಲೇ ಒಂದು ಲೇಖನ ಬರೆದ. ಒಬ್ಬ ವ್ಯಕ್ತಿಗೆ ಪ್ರದರ್ಶನದಲ್ಲಿರುವ ವಸ್ತುಗಳ ಬಗ್ಗೆ ಪ್ರಶ್ನೆ ಕೊಟ್ಟು, ಉತ್ತರ ಹುಡುಕಲು ಅವನು ಹೇಗೆ ಬಾಗುತ್ತಾನೆ, ಕುಕ್ಕರುಗಾಲಲ್ಲಿ ಕೂರುತ್ತಾನೆ, ಕತ್ತು ಚಾಚುತ್ತಾನೆ ಅನ್ನುವುದನ್ನು ಫೋಟೋ ತೆಗೆಸಿದ. ದಣಿವಿಗೆ ಕಾರಣ ನೋಡುವವನ ಕಾಲಲ್ಲ, ನಾವು ವಸ್ತು ಇಟ್ಟಿರುವ ರೀತಿ ಅಂತ ಆ ಫೋಟೋಗಳೇ ಹೇಳಿದವು. ನೂರು ವರ್ಷ ಕಳೆದರೂ ನಾವು ಮೊಣಕಾಲ ಮಟ್ಟದಲ್ಲಿ ಲೇಬಲ್ ಅಂಟಿಸುತ್ತಲೇ ಇದ್ದೇವೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ, ಅದರ ಬಗ್ಗೆ ಎಲ್ಲರೂ ನನ್ನನ್ನೇ ಬಯ್ಯುವುದು. ಕಾಗದ, ಬಟ್ಟೆ, ಜಲವರ್ಣ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಪ್ರಖರತೆ ಅಳೆಯುವ ಮಾನ) ಮಿತಿ ಇಡುತ್ತೇವೆ. ತೈಲವರ್ಣಕ್ಕೆ 200ರ ಆಸುಪಾಸು. ಆದರೆ 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಮೊಮ್ಮಗಳಿಗೆ ‘ಸ್ವಲ್ಪ ಮಬ್ಬು’ ಅನ್ನಿಸುವ ಕೋಣೆ ಅಜ್ಜಿಗೆ ಕತ್ತಲೆ. ಬಿಸಿಲಿನಿಂದ ನೇರ ಒಳಗೆ ಬಂದರೆ ಇನ್ನೂ ಕಷ್ಟ. ಕಣ್ಣು ಹೊಂದಿಕೊಳ್ಳಲು ವಯಸ್ಸಾದವರಿಗೆ ಹೆಚ್ಚು ಹೊತ್ತು ಬೇಕು.

ಇದಕ್ಕೆ ದಾರಿ ಇದೆ. ಬೆಳಕಿನ ಹಾನಿ ಒಟ್ಟು ಲೆಕ್ಕದಲ್ಲಿ ಸೇರುತ್ತಾ ಹೋಗುತ್ತದೆ. ಎಷ್ಟು ಪ್ರಖರ, ಎಷ್ಟು ಗಂಟೆ, ಎರಡನ್ನೂ ಗುಣಿಸಬೇಕು. ಯಾರೂ ಇಲ್ಲದಾಗ ದೀಪ ಆರಿ, ಮುಂದೆ ಜನ ನಿಂತಾಗ ಮಾತ್ರ ಹತ್ತುವ ಹಾಗೆ ಸೆನ್ಸರ್ ಹಾಕಿದರೆ ಗಂಟೆ ಉಳಿಯುತ್ತದೆ. ಉಳಿದ ಗಂಟೆಯನ್ನು ಹಿರಿಯರ ಗುಂಪು ಬಂದಾಗ ಸ್ವಲ್ಪ ಜಾಸ್ತಿ ಬೆಳಕಿಗೆ ಖರ್ಚು ಮಾಡಬಹುದು. ಇಲ್ಲವೇ ಹಸ್ತಪ್ರತಿಯ ಒಳ್ಳೆಯ ನಕಲು ಮಾಡಿಸಿ, ಪಕ್ಕದ ಮೇಜಿನ ಮೇಲೆ ಝಗ್ ಅನ್ನುವ ಬೆಳಕಿನಲ್ಲಿ ಇಡಿ. ಸಂರಕ್ಷಣೆಯವರು ಒಪ್ಪುವುದಿಲ್ಲ ಅಂತ ನೀವೇ ಅಂದುಕೊಂಡು ಸುಮ್ಮನಿರಬೇಡಿ, ಬಂದು ಕೇಳಿ.

ಚುಟುಕು:

ಬೈಫೋಕಲ್ ಕನ್ನಡಕದವರ ಗೋಳನ್ನೂ ಸೇರಿಸಿಕೊಳ್ಳಿ. ಓದುವ ಗಾಜು ಇರುವುದು ಕೆಳಗೆ. ಲೇಬಲ್ ಇರುವುದು ಕಣ್ಣಿನ ಮಟ್ಟಕ್ಕೆ. ಹಾಗಾಗಿ ಗದ್ದ ಎತ್ತಿ, ಬಾಯಿ ಅರ್ಧ ತೆರೆದು ಓದಬೇಕು. ಸೊಂಟದಿಂದ ಸ್ವಲ್ಪ ಮೇಲೆ, ಓರೆಯಾಗಿ ಇಟ್ಟರೆ ಎಲ್ಲರಿಗೂ ಆರಾಮ. ವೀಲ್‌ಚೇರಿನವರಿಗೂ. ಮತ್ತೆ ದಯವಿಟ್ಟು ಬೂದು ಬಣ್ಣದ ಮೇಲೆ ನೀಲಿ ಅಕ್ಷರ ಬೇಡ. ಡಿಸೈನರ್‌ಗೆ 25 ವಯಸ್ಸು ಅಂತ ಅಲ್ಲೇ ಗೊತ್ತಾಗುತ್ತೆ.

ಗುಳಿಗೆಚೀಟಿ:

ನಾನು ವೈದ್ಯ. ಹಿರಿಯರನ್ನೇ ಹೆಚ್ಚು ನೋಡುವವನು. ಇದು ಬರೀ ಅನುಕೂಲದ ಮಾತಲ್ಲ, ಆರೋಗ್ಯದ ಮಾತು ಕೂಡ. ಕಿಟಕಿಬದಿ ಅವರು ಮೇಲಿನವರನ್ನು ಒಪ್ಪಿಸಲು ಇದನ್ನು ಬಳಸಿಕೊಳ್ಳಬಹುದು.

ಇಂಗ್ಲೆಂಡಿನಲ್ಲಿ 50 ದಾಟಿದ 6,710 ಜನರನ್ನು 14 ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2019ರಲ್ಲಿ ಬಿಎಂಜೆ ಅನ್ನುವ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಡೇಸಿ ಫ್ಯಾನ್‌ಕೋರ್ಟ್ ಮತ್ತು ಆಂಡ್ರ್ಯೂ ಸ್ಟೆಪ್ಟೋ ಮಾಡಿದ್ದು. ಕೆಲವು ತಿಂಗಳಿಗೊಮ್ಮೆಯಾದರೂ ಮ್ಯೂಸಿಯಂ, ಕಲಾ ಪ್ರದರ್ಶನ, ನಾಟಕ, ಸಂಗೀತ ಕಛೇರಿಗೆ ಹೋಗುತ್ತಿದ್ದವರಲ್ಲಿ, ಹೋಗದೇ ಇದ್ದವರಿಗೆ ಹೋಲಿಸಿದರೆ, ಆ ಅವಧಿಯಲ್ಲಿ ಸಾಯುವ ಅಪಾಯ 31 ಶೇಕಡಾ ಕಡಿಮೆ ಕಂಡಿತು. ವರ್ಷಕ್ಕೆ ಒಂದೋ ಎರಡೋ ಸಲ ಹೋಗುವವರಲ್ಲಿ 14 ಶೇಕಡಾ ಕಡಿಮೆ. ಅದಕ್ಕೂ ಹಿಂದಿನ ವರ್ಷ ಬಂದ ಇನ್ನೊಂದು ಅಧ್ಯಯನ, ಮ್ಯೂಸಿಯಂಗೆ ಆಗಾಗ ಹೋಗುವವರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಕಡಿಮೆ ಕಾಣಿಸಿಕೊಂಡಿದ್ದನ್ನು ದಾಖಲಿಸಿತು.

2018ರಲ್ಲಿ ಮಾಂಟ್ರಿಯಲ್ ಫೈನ್ ಆರ್ಟ್ಸ್ ಮ್ಯೂಸಿಯಂ ಅಲ್ಲಿನ ಫ್ರೆಂಚ್ ಮಾತಾಡುವ ವೈದ್ಯರ ಸಂಘದ ಜೊತೆ ಸೇರಿ ಒಂದು ವ್ಯವಸ್ಥೆ ಶುರು ಮಾಡಿತು. ವೈದ್ಯರು ಚೀಟಿ ಬರೆದುಕೊಟ್ಟರೆ ರೋಗಿ ಮನೆಯವರ ಜೊತೆ ಟಿಕೆಟ್ ಇಲ್ಲದೆ ಒಳಗೆ ಹೋಗಬಹುದು. ನನಗಂತೂ ಹೊಟ್ಟೆಕಿಚ್ಚಾಯಿತು. ನನ್ನ ರೋಗಿಗಳಲ್ಲಿ ಎಷ್ಟೋ ಜನಕ್ಕೆ ಬೇಕಾಗಿರುವುದು ಇನ್ನೊಂದು ಗುಳಿಗೆಯಲ್ಲ, ಮನೆಯಿಂದ ಹೊರಡಲು ಒಂದು ನೆಪ.

ಪ್ರಶ್ನಾರ್ಥಕ:

ಡಾಕ್ಟರೇ, ಒಂದು ನಿಮಿಷ. ಮ್ಯೂಸಿಯಂಗೆ ಹೋಗುವವರು ಯಾರು? ಕೈಯಲ್ಲಿ ಕಾಸಿರುವವರು, ಓದಿದವರು, ನಡೆಯಲು ಆಗುವವರು. ಅವರು ಹೇಗೂ ಜಾಸ್ತಿ ವರ್ಷ ಬದುಕುತ್ತಾರೆ, ಅಲ್ವಾ? ಮ್ಯೂಸಿಯಂಗೆ ಹೋದದ್ದಕ್ಕೆ ಬದುಕಿದರೋ, ಬದುಕುವ ಶಕ್ತಿ ಇದ್ದದ್ದಕ್ಕೆ ಹೋದರೋ?

ಗುಳಿಗೆಚೀಟಿ:

ಸರಿಯಾದ ಪ್ರಶ್ನೆ. ಆಸ್ತಿ, ಓದು, ಕಾಯಿಲೆ, ನಡೆದಾಡುವ ಶಕ್ತಿ, ಒಂಟಿತನ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು. ಆದರೂ ಇದು ಗಮನಿಸಿ ನೋಡಿದ ಅಧ್ಯಯನವೇ. ಕಾರಣ ಇದೇ ಅಂತ ಸಾಬೀತು ಮಾಡುವುದಿಲ್ಲ, ಬರೆದವರೂ ಹಾಗೇ ಹೇಳಿದ್ದಾರೆ. ‘ಮ್ಯೂಸಿಯಂಗೆ ಬನ್ನಿ, ಆಯಸ್ಸು ಹೆಚ್ಚಿಸಿಕೊಳ್ಳಿ’ ಅಂತ ಪೋಸ್ಟರ್ ಹಾಕಿದರೆ ನಾನೇ ಬಂದು ಹರಿಯುತ್ತೇನೆ.

ನನಗೆ ಹೆಚ್ಚು ಹಿಡಿಸಿದ್ದು ಬೇರೆ ಕೆಲಸ. 2014ರಿಂದ 2017ರವರೆಗೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು ‘ಮ್ಯೂಸಿಯಮ್ಸ್ ಆನ್ ಪ್ರಿಸ್ಕ್ರಿಪ್ಷನ್’, ಅಂದರೆ ಔಷಧಿ ಚೀಟಿಯ ಹಾಗೆ ಮ್ಯೂಸಿಯಂ, ಅಂತ ನಡೆಸಿದರು. ಲಂಡನ್ ಮತ್ತು ಕೆಂಟ್‌ನ ಮ್ಯೂಸಿಯಂಗಳಲ್ಲಿ. 65ರಿಂದ 94 ವಯಸ್ಸಿನ, ಒಂಟಿಯಾಗಿರುವ ಹಿರಿಯರು ವಾರಕ್ಕೊಮ್ಮೆಯಂತೆ 10 ವಾರ ಬಂದರು. ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಜೊತೆ ಮಾತು, ವಸ್ತು ಮುಟ್ಟಿ ನೋಡುವುದು, ಏನಾದರೂ ಮಾಡುವುದು. ಇಲ್ಲಿ ಗಮನಿಸಬೇಕಾದ್ದು: ಅವರು ತಾವಾಗಿ ಬಂದವರಲ್ಲ. ಸಾಮಾನ್ಯವಾಗಿ ಮ್ಯೂಸಿಯಂ ಕಡೆ ತಲೆ ಹಾಕದವರನ್ನು ಆರೋಗ್ಯ ಮತ್ತು ಸಮಾಜಸೇವೆಯ ಕಾರ್ಯಕರ್ತರು ಹುಡುಕಿ ಕಳಿಸಿದ್ದು.

ಪ್ರಶ್ನಾರ್ಥಕ:

ಹನ್ನೊಂದನೇ ವಾರ ಏನಾಯಿತು? ಅದೇ ನನಗೆ ಬೇಕಾದ ಉತ್ತರ. ಒಂಟಿಯಾಗಿರುವವರಿಗೆ ಗೆಳೆತನದ ರುಚಿ ಹತ್ತಿಸಿ, ಅನುದಾನ ಮುಗಿಯಿತು ಅಂತ ಬಾಗಿಲು ಹಾಕುವುದು ನನಗೆ ಕ್ರೂರವಾಗಿ ಕಾಣುತ್ತದೆ. ಕಿಟಕಿಬದಿ ಅವರೇ, ನೀವು ಏನೇ ಬರೆದರೂ ಮುಗಿದ ಮೇಲಿನ ಮಾತನ್ನು ಮೊದಲ ಪುಟದಲ್ಲೇ ಬರೆಯಿರಿ. ಗುಂಪು ತಾನೇ ಸೇರಲು ಒಂದು ಕೋಣೆ, ಒಂದು ನಿಗದಿ ವಾರ, ಕೀಲಿ ತೆಗೆಯಲು ಒಬ್ಬರು. ಇಷ್ಟಿದ್ದರೆ ಪರಿಣತರು ಇಲ್ಲದಿದ್ದರೂ ನಡೆಯುತ್ತದೆ.

ಜೋಡಿಹೆಜ್ಜೆ:

ನಾನು ಅಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ. ಅವರಿಗೆ ಡಿಮೆನ್ಷಿಯಾ. ಹಾಗಾಗಿ ನನ್ನ ಮಾತು ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

ಮರೆವಿನ ಕಾಯಿಲೆ ಇರುವವರಿಗೆ ಎಲ್ಲರೂ ಕೇಳುವ ಪ್ರಶ್ನೆ ‘ನೆನಪಿದೆಯಾ?’. ನಾನು ಯಾರು ನೆನಪಿದೆಯಾ, ಇದು ಎಲ್ಲಿಯ ಫೋಟೋ ನೆನಪಿದೆಯಾ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಅದು ಅವರಿಗೆ ದಿನವಿಡೀ ನಡೆಯುವ ಪರೀಕ್ಷೆ. ಗೊತ್ತಿಲ್ಲ ಅಂತ ಮತ್ತೆ ಮತ್ತೆ ಹೇಳಿ ಹೇಳಿ ಮಾತೇ ನಿಂತುಹೋಗುತ್ತದೆ.

ಒಂದು ಮ್ಯೂಸಿಯಂನಲ್ಲಿ ಇಂಥವರಿಗೆಂದೇ ಗುಂಪು ನಡೆಯುತ್ತದೆ ಅಂತ ತಿಳಿದು ಅಮ್ಮನನ್ನು ಕರೆದುಕೊಂಡು ಹೋದೆ. ಬಾಗಿಲು ತೆರೆಯುವ ಮೊದಲೇ ನಮ್ಮನ್ನು ಒಳಗೆ ಬಿಟ್ಟಿದ್ದರು, ಗದ್ದಲ ಇರಲಿಲ್ಲ. ದೊಡ್ಡದೊಂದು ಚಿತ್ರ, ಅದರ ಮುಂದೆ ಅರ್ಧ ಸುತ್ತಿಗೆ ಕುರ್ಚಿಗಳು. ನದಿ ದಂಡೆಯಲ್ಲಿ ಕೆಲವು ಹೆಂಗಸರು, ಒಬ್ಬಳು ಮಾತ್ರ ಬೆನ್ನು ತಿರುಗಿಸಿ ನಿಂತಿದ್ದಾಳೆ. ಚಿತ್ರ ಬರೆದವರು ಯಾರು, ಯಾವ ಕಾಲದ್ದು ಅಂತ ಆ ಹುಡುಗಿ ಹೇಳಲೇ ಇಲ್ಲ. ‘ಇಲ್ಲಿ ಏನು ನಡೀತಿದೆ ಅನ್ನಿಸುತ್ತೆ?’ ಅಂದಳು, ಅಷ್ಟೇ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಹುಡುಗಿಯೂ ಸುಮ್ಮನಿದ್ದಳು. ಆಮೇಲೆ ಅಮ್ಮ, ‘ಅವಳಿಗೆ ಇವರ ಮಾತು ಕೇಳಿ ಕೇಳಿ ಸಾಕಾಗಿದೆ’ ಅಂದರು. ಎಲ್ಲರೂ ನಕ್ಕರು. ‘ಯಾವುದನ್ನು ನೋಡಿ ಹಾಗನ್ನಿಸಿತು?’ ಅಂತ ಹುಡುಗಿ ಕೇಳಿದಳು. ‘ಭುಜ ನೋಡಿ’ ಅಂದರು ಅಮ್ಮ. ನಿಜ, ಭುಜ ಹಾಗೇ ಇತ್ತು. ನನಗೆ ಕಂಡಿರಲಿಲ್ಲ.

ಈ ರೀತಿ ಕೇಳುವುದಕ್ಕೆ ಒಂದು ಹಿನ್ನೆಲೆ ಇದೆ ಅಂತ ಆಮೇಲೆ ಓದಿದೆ. ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸೆನ್ ರೂಪಿಸಿದ ಪದ್ಧತಿಯಲ್ಲಿ ಮೂರೇ ಪ್ರಶ್ನೆ. ಚಿತ್ರದಲ್ಲಿ ಏನು ನಡೆಯುತ್ತಿದೆ, ಯಾವುದನ್ನು ನೋಡಿ ಹಾಗೆ ಹೇಳಿದಿರಿ, ಇನ್ನೇನು ಕಾಣುತ್ತಿದೆ. ತಪ್ಪು ಉತ್ತರ ಅನ್ನುವುದೇ ಇಲ್ಲ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 2006ರಿಂದಲೇ ಅಲ್ಝೈಮರ್ಸ್ ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಟ್ಟಿಗೆ ಇಂಥ ಭೇಟಿಗಳನ್ನು ನಡೆಸಿತು. ‘ಒಟ್ಟಿಗೆ’ ಅನ್ನುವುದು ಮುಖ್ಯ. ಅಲ್ಲಿ ನಾನು ಅಮ್ಮನ ನರ್ಸ್ ಆಗಿರಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಗಳಾಗಿದ್ದೆ. ಇಂಥದ್ದು ಅಪರೂಪ.

ಒಂದೇ ಕೊರತೆ. ಬಾಗಿಲಲ್ಲಿ ದೊಡ್ಡ ಕಪ್ಪು ಮ್ಯಾಟ್ ಹಾಸಿದ್ದರು. ಡಿಮೆನ್ಷಿಯಾ ಇರುವವರಲ್ಲಿ ಕೆಲವರಿಗೆ ಅದು ಮ್ಯಾಟ್ ಅಲ್ಲ, ಗುಂಡಿ. ಅಮ್ಮ ದಾಟಲು ಒಪ್ಪಲೇ ಇಲ್ಲ. ಪಕ್ಕದ ಬಾಗಿಲಿನಿಂದ ಒಳಗೆ ಹೋದೆವು.

ಕಿಟಕಿಬದಿ:

ಜೋಡಿಹೆಜ್ಜೆ ಅವರೇ, ಇದನ್ನು ಓದಿ ಎದ್ದು ಹೋಗಿ ನಮ್ಮ ಬಾಗಿಲು ನೋಡಿಬಂದೆ. ಕಪ್ಪು ಮ್ಯಾಟೇ ಇದೆ. ನಾಳೆ ಬದಲಾಗುತ್ತದೆ. ಇದಕ್ಕೆ ಯಾರ ಸಹಿಯೂ ಬೇಡ.

ಹಳೆಯ ಕಾಲದ ಮನೆಯೊಂದನ್ನು ಮರುಸೃಷ್ಟಿ ಮಾಡೋಣ ಅನ್ನುವ ಯೋಚನೆಯೂ ನಮ್ಮಲ್ಲಿದೆ. ಹಿರಿಯರು ಬಂದು ಕೂತು ಹಳೆಯದನ್ನು ನೆನೆಸಿಕೊಳ್ಳಲಿ ಅಂತ. ಅದು ಹೇಗೆ?

ದಾರದುಂಡೆ:

ಒಳ್ಳೆಯ ಮಾದರಿಗಳಿವೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಡೆನ್ ಗಾಮ್ಲೆ ಬ್ಯೂ ಅನ್ನುವ ಬಯಲು ಮ್ಯೂಸಿಯಂ ಇದೆ. ಅಲ್ಲಿ 1950ರ ದಶಕದ ಒಂದು ಮನೆಯನ್ನೇ ಡಿಮೆನ್ಷಿಯಾ ಇರುವವರಿಗಾಗಿ ಸಜ್ಜು ಮಾಡಿದ್ದಾರೆ. ಹಗ್ಗ ಕಟ್ಟಿ ದೂರ ನಿಲ್ಲಿಸುವುದಿಲ್ಲ. ಡ್ರಾಯರ್ ಎಳೆಯಬಹುದು, ಸೋಫಾದಲ್ಲಿ ಕೂರಬಹುದು. ಇಂಗ್ಲೆಂಡಿನ ಬೀಮಿಷ್ ಬಯಲು ಮ್ಯೂಸಿಯಂನಲ್ಲೂ ಇಂಥ ಕೆಲಸ ನಡೆಯುತ್ತದೆ. ಲಿವರ್‌ಪೂಲ್‌ನ ಮ್ಯೂಸಿಯಂಗಳು 2012ರಲ್ಲಿ ‘ಹೌಸ್ ಆಫ್ ಮೆಮೊರೀಸ್’ ಶುರು ಮಾಡಿದವು. ಅವರ ಜಾಣತನ ಏನೆಂದರೆ, ತರಬೇತಿ ಕೊಟ್ಟಿದ್ದು ಹಿರಿಯರನ್ನು ನೋಡಿಕೊಳ್ಳುವವರಿಗೆ. ಒಬ್ಬ ಆರೈಕೆದಾರನಿಗೆ ಕಲಿಸಿದರೆ ಅವನು ಮುಂದೆ ಎಷ್ಟೋ ಜನರ ಜೊತೆ ಅದನ್ನು ಬಳಸುತ್ತಾನೆ. 2014ರಲ್ಲಿ ಆ್ಯಪ್ ಕೂಡ ಮಾಡಿದರು, ಹಳೆಯ ವಸ್ತುಗಳ ಚಿತ್ರ, ಶಬ್ದ ಎಲ್ಲ ಅದರಲ್ಲಿದೆ.

ನಿಧಾನಸ್ತ:

ಇಲ್ಲಿ ನನ್ನದೊಂದು ತಕರಾರು ಇದೆ. ನಮ್ಮನ್ನು ಕಂಡ ಕೂಡಲೇ ಎಲ್ಲರೂ ಹಿಂದಕ್ಕೇ ಯಾಕೆ ಕಳಿಸುತ್ತೀರಿ? ನಾನು ಮ್ಯೂಸಿಯಂಗೆ ಬರುವುದು ನನ್ನ ಬಾಲ್ಯ ನೋಡಲು ಅಲ್ಲ. ಅದು ನನ್ನ ಹತ್ತಿರವೇ ಇದೆ, ಬೇಡವೆಂದರೂ ಬರುತ್ತದೆ. ನನಗೆ ಗೊತ್ತಿಲ್ಲದ್ದನ್ನು ತೋರಿಸಿ. ಉಲ್ಕೆಯ ಚೂರು ತೋರಿಸಿ. ಇವತ್ತಿನ ಹುಡುಗರು ಯಾಕೆ ಹಾಗೆ ಚಿತ್ರ ಬರೆಯುತ್ತಾರೆ ಅಂತ ವಿವರಿಸಿ. ಅರ್ಥವಾಗದಿದ್ದರೆ ಜಗಳ ಆಡುತ್ತೇನೆ, ಅದೂ ಒಂದು ಖುಷಿಯೇ.

ಗುಳಿಗೆಚೀಟಿ:

ಇಬ್ಬರ ಮಾತಿನಲ್ಲೂ ಹುರುಳಿದೆ. ಒಂದು ಕಾಲದಲ್ಲಿ ವಯಸ್ಸಾದವರು ಹಿಂದಿನದನ್ನು ಹೇಳುತ್ತಾ ಕೂತರೆ ಅದನ್ನು ಬುದ್ಧಿ ಮಂಕಾಗುವುದರ ಲಕ್ಷಣ ಅಂತ ನೋಡುತ್ತಿದ್ದರು. ರಾಬರ್ಟ್ ಬಟ್ಲರ್ ಅನ್ನುವ ಮನೋವೈದ್ಯ 1963ರಲ್ಲಿ, ಅದು ಬದುಕನ್ನು ಮರಳಿ ಜೋಡಿಸಿಕೊಳ್ಳುವ ಸಹಜ ಕೆಲಸ ಅಂತ ವಾದಿಸಿದ. ನೆನಪಿನ ಗುಂಪುಗಳಿಗೆ ಅಲ್ಲಿಂದ ಬಲ ಬಂತು.

ಆದರೆ ಒಂದು ಲೆಕ್ಕ ತಪ್ಪುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಜನರಿಗೆ ಹೆಚ್ಚು ಗಾಢವಾಗಿ ಉಳಿಯುವುದು ಸುಮಾರು 10ರಿಂದ 30 ವಯಸ್ಸಿನ ನೆನಪುಗಳು. ಈಗ ತಾನೇ 70 ತುಂಬಿದವರು ಹುಟ್ಟಿದ್ದು 1950ರ ದಶಕದಲ್ಲಿ. ಅವರ ಆ ವಯಸ್ಸು 1960ರ ನಡುವಿನಿಂದ 1980ರ ನಡುವಿನವರೆಗೆ. ಅವರ ಮುಂದೆ ಲಾಟೀನು ಇಟ್ಟರೆ ಅದು ಅವರ ನೆನಪಲ್ಲ, ಅವರ ಅಜ್ಜಿಯದು. ಟ್ರಾನ್ಸಿಸ್ಟರ್ ರೇಡಿಯೋ, ಕ್ಯಾಸೆಟ್, ಟೈಪ್‌ರೈಟರ್ ಇಡಿ. ಮ್ಯೂಸಿಯಂನವರ ಕಣ್ಣಿಗೆ ಹಿರಿಯರು ಯಾವಾಗಲೂ ಒಂದೇ ಕಾಲದವರು. ಅವರು ಬದಲಾಗುತ್ತಾ ಹೋಗುತ್ತಾರೆ ಅನ್ನುವುದೇ ಮರೆತುಹೋಗಿದೆ.

ಜೋಡಿಹೆಜ್ಜೆ:

ಹೌದು, ಕ್ಯಾಸೆಟ್! ಪೆನ್ಸಿಲ್ ಹಾಕಿ ಟೇಪ್ ಸುತ್ತುವುದು ಕೈಗೆ ಗೊತ್ತಿರುತ್ತದೆ, ಕೇಳಬೇಕಾಗಿಯೇ ಇಲ್ಲ.

ನಿಧಾನಸ್ತ ಸರ್ ಹೇಳಿದ್ದು ಡಿಮೆನ್ಷಿಯಾ ಇರುವವರಿಗೂ ಹೊಂದುತ್ತದೆ. ಅಮೆರಿಕದಲ್ಲಿ ಆ್ಯನ್ ಬಾಸ್ಟಿಂಗ್ ಅನ್ನುವವರು 1998ರಲ್ಲಿ ‘ಟೈಮ್‌ಸ್ಲಿಪ್ಸ್’ ಅಂತ ಶುರು ಮಾಡಿದರು. ನೆನಪು ಕೇಳುವುದನ್ನು ಬಿಟ್ಟು, ಒಂದು ವಿಚಿತ್ರ ಚಿತ್ರ ಕೊಟ್ಟು ಎಲ್ಲರೂ ಸೇರಿ ಕತೆ ಕಟ್ಟುವುದು. ಕತೆ ಕಟ್ಟಲು ನೆನಪು ಬೇಕಿಲ್ಲ.

ದಾರದುಂಡೆ:

ಒಪ್ಪಿದೆ. ನಾನೊಂದು ವಿಷಯ ಹೇಳಬೇಕು. ನಮ್ಮ ತಂದೆ ಜೀವಮಾನವಿಡೀ ದರ್ಜಿ ಕೆಲಸ ಮಾಡಿದವರು. ಒಂದು ಮ್ಯೂಸಿಯಂನಲ್ಲಿ ಗಾಜಿನೊಳಗೆ ಹಳೆಯ ಕಾಲ್ತುಳಿ ಹೊಲಿಗೆ ಮಿಷನ್ ಇಟ್ಟಿದ್ದರು. ದಾರ ಪೋಣಿಸಿ, ಕೆಳಗೆ ಬಟ್ಟೆಯ ತುಂಡೂ ಇಟ್ಟಿದ್ದರು. ಅಪ್ಪ ಅದರ ಮುಂದೆ ನಿಂತವರು ಕದಲಲೇ ಇಲ್ಲ. ‘ಇದು ಹೊಲಿಯುವುದಿಲ್ಲ’ ಅಂದರು. ಮೇಲೆ ಕೆಳಗೆ ಆಡುವ ಕೊಂಡಿ ಇರುತ್ತದಲ್ಲ, ದಾರವನ್ನು ಹೊಲಿಗೆಗೊಮ್ಮೆ ಎಳೆದು ಬಿಗಿ ಮಾಡುವುದು, ಅದರ ತೂತಿಗೆ ದಾರ ಹಾಕಿರಲೇ ಇಲ್ಲ. ಬಿಗಿ ಮಾಡುವ ತಟ್ಟೆಗಳಿಂದ ನೇರ ಸೂಜಿಗೆ ತಂದಿದ್ದರು. ಹಾಗೆ ತುಳಿದರೆ ಎರಡು ಹೊಲಿಗೆಗೆ ಕೆಳಗಡೆ ದಾರ ಗಂಟಾಗಿ ಕೂತುಬಿಡುತ್ತದೆ.

ಕಾವಲಿನವರಿಗೆ ಹೇಳಿದೆವು. ಅವರು ಒಳಗಿನವರನ್ನು ಕರೆದರು. ಒಂದು ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು, ಬರೆದುಕೊಂಡಳು. ಮುಂದಿನ ತಿಂಗಳು ಅಪ್ಪನನ್ನು ಸಂಗ್ರಹದ ಕೋಣೆಗೇ ಕರೆಸಿಕೊಂಡರು. ಲೇಬಲ್ಲಿನಲ್ಲಿ ‘ಉಪಕರಣ’ ಅಂತ ಮಾತ್ರ ಬರೆದಿಟ್ಟಿದ್ದ ಎಷ್ಟೋ ಸಾಮಾನಿಗೆ ಅಪ್ಪ ಹೆಸರು, ಉಪಯೋಗ ಹೇಳಿದರು. ಯಾವುದು ಎಡಗೈಯವರ ಕತ್ತರಿ ಅನ್ನುವುದನ್ನೂ ತೋರಿಸಿದರು. ಆಮೇಲೆ ಅವರಿಗೆ ಅದು ‘ಮ್ಯೂಸಿಯಂಗೆ ಹೋಗುವುದು’ ಆಗಿ ಉಳಿಯಲಿಲ್ಲ. ‘ಕೆಲಸ ಇದೆ’ ಅನ್ನುತ್ತಿದ್ದರು.

ಯೋಜನೆಗೆ ನನ್ನದು ಒಂದೇ ಸಲಹೆ. ಹಿರಿಯರಿಗೆ ಏನು ಕೊಡಬೇಕು ಅಂತ ಯೋಚಿಸುವುದು ಸ್ವಲ್ಪ ನಿಲ್ಲಿಸಿ. ಅವರಿಗೆ ಏನು ಗೊತ್ತಿದೆ ಅಂತ ಕೇಳಿ, ಗೊತ್ತಿರುವುದಕ್ಕೆ ಕೆಲಸ ಕೊಡಿ.

ಪ್ರಶ್ನಾರ್ಥಕ:

ಬಿಟ್ಟಿ ಕೆಲಸ ಅಂತ ಓದಿಕೊಳ್ಳಬಹುದಾ? ಸಂಬಳದ ಹುದ್ದೆ ತೆಗೆದು, ನಿವೃತ್ತರನ್ನು ‘ಸ್ವಯಂಸೇವಕರು’ ಅಂತ ಕೂರಿಸುವ ಜಾಗಗಳನ್ನೂ ನೋಡಿದ್ದೇನೆ.

ದಾರದುಂಡೆ:

ನಿಮ್ಮ ಸಂಶಯ ಸರಿ. ಬಾಗಿಲು ಕಾಯುವುದು, ಟಿಕೆಟ್ ಹರಿಯುವುದು ಸಂಬಳದ ಕೆಲಸ, ಅದನ್ನು ಬಿಟ್ಟಿ ಮಾಡಿಸಬಾರದು. ತಜ್ಞರನ್ನು ಕರೆಸಿದಾಗ ಓಡಾಟದ ಖರ್ಚು, ಗೌರವಧನ ಕೊಡುತ್ತಾರಲ್ಲ, ದರ್ಜಿಗೂ ಕೊಡಲಿ. ದಾಖಲೆಯಲ್ಲಿ ಮಾಹಿತಿ ಕೊಟ್ಟವರ ಹೆಸರು ಬರಲಿ. ಅಪ್ಪನಿಗೆ ಓಡಾಟದ ಖರ್ಚು ಮಾತ್ರ ಕೊಟ್ಟರು. ಗೌರವಧನ ಬರಲಿಲ್ಲ, ಅದು ನನಗೂ ಬೇಸರವೇ.

ಹಳೆಕಾಗದ:

ಮುಟ್ಟಿಸುವ ವಿಷಯದಲ್ಲಿ ನಾನು ಒಂದೆರಡು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಮುಟ್ಟಲಿಕ್ಕೆಂದೇ ಬೇರೆ ಸಂಗ್ರಹ ಮಾಡಿ. ಎರಡೆರಡು ಇರುವ ವಸ್ತು, ಸ್ವಲ್ಪ ಸವೆದರೂ ನಷ್ಟವಿಲ್ಲದ್ದು. ಹತ್ತಿಯ ಕೈಗವಸು ಬೇಡ. ಬೆರಳಿಗೆ ಏನೂ ತಿಳಿಯುವುದಿಲ್ಲ, ಜಾರುತ್ತದೆ ಕೂಡ. ಹೆಚ್ಚಿನ ವಸ್ತುಗಳಿಗೆ ತೊಳೆದು ಒರೆಸಿದ ಕೈ ಸಾಕು. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ಕೂತೇ ಹಿಡಿಯಲಿ.

ಹಳೆಯದೆಲ್ಲ ಸಾಧು ಅಲ್ಲ ಅನ್ನುವುದು ನೆನಪಿರಲಿ. ಹಳೆಯ ಕಾಲದಲ್ಲಿ ಒಳಗೆ ಹುಲ್ಲು, ಹತ್ತಿ ತುಂಬಿಟ್ಟ ಪ್ರಾಣಿ, ಹಕ್ಕಿಗಳಲ್ಲಿ ಆರ್ಸೆನಿಕ್ ವಿಷ ಇರಬಹುದು. ಎರಡನೇ ಮಹಾಯುದ್ಧದ ಗ್ಯಾಸ್ ಮಾಸ್ಕ್‌ಗಳ ಸೋಸುಗದಲ್ಲಿ ಆಸ್ಬೆಸ್ಟಾಸ್ (ಉಸಿರಿಗೆ ಹೋದರೆ ಅಪಾಯವಾಗುವ ನಾರು) ಇರಬಹುದು, ಹಾಕಿಕೊಳ್ಳಲು ಕೊಡಲೇಬಾರದು. ಹಳೆಯ ಆಟಿಕೆಯ ಬಣ್ಣದಲ್ಲಿ ಸೀಸ. ನೆನಪಿನ ಪೆಟ್ಟಿಗೆ ಮಾಡುವ ಉತ್ಸಾಹದಲ್ಲಿ ಇದನ್ನೆಲ್ಲ ತುಂಬಬೇಡಿ. ಆಸ್ಪತ್ರೆಗೆ ಒಯ್ಯುವುದಾದರೆ ಒರೆಸಿ ಶುಚಿ ಮಾಡಬಹುದಾದ್ದೇ ಆಗಬೇಕು. ಗರಿ, ಉಣ್ಣೆ ಬೇಡ.

ಗುಳಿಗೆಚೀಟಿ:

ಆಸ್ಪತ್ರೆಯ ಮಾತು ಬಂದದ್ದು ಒಳ್ಳೆಯದಾಯಿತು. ನಾವು ಇಲ್ಲಿಯವರೆಗೆ ಮಾತಾಡಿದ್ದೆಲ್ಲ ಬರಲು ಆಗುವವರ ಬಗ್ಗೆ. ಮಲಗಿದಲ್ಲೇ ಇರುವವರು, ಆರೈಕೆ ಮನೆಗಳಲ್ಲಿರುವವರು ಏನು ಮಾಡಬೇಕು? ಲಂಡನ್ನಿನ ಆ ವಿಶ್ವವಿದ್ಯಾಲಯದವರೇ ಮ್ಯೂಸಿಯಂ ವಸ್ತುಗಳನ್ನು ಹಾಸಿಗೆ ಪಕ್ಕಕ್ಕೆ ಒಯ್ದು ನೋಡಿದ್ದಾರೆ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಎಲ್ಲರೂ ಮಾತಾಡುವುದು ಅವನ ಕಾಯಿಲೆಯ ಬಗ್ಗೆ ಮಾತ್ರ. ಅವನ ಕೈಗೆ ಒಂದು ಪಳೆಯುಳಿಕೆ ಕೊಟ್ಟರೆ ಹತ್ತು ನಿಮಿಷವಾದರೂ ಬೇರೆ ವಿಷಯ ಸಿಗುತ್ತದೆ. ಕೋವಿಡ್ ಸಮಯದಲ್ಲಿ ಹಲವು ಮ್ಯೂಸಿಯಂಗಳು ಅಂಚೆಯಲ್ಲಿ ಚಿತ್ರಗಳ ಪೊಟ್ಟಣ ಕಳಿಸಿ, ಫೋನಿನಲ್ಲಿ ಮಾತಾಡಿದವು. ಸ್ಮಾರ್ಟ್‌ಫೋನ್ ಬೇಕಾಗಲಿಲ್ಲ. ಅದನ್ನು ನಿಲ್ಲಿಸುವ ಅಗತ್ಯವೇನಿತ್ತು?

ಚುಟುಕು:

ಗಂಡಸರು ಬರೋದಿಲ್ಲ, ಅದನ್ನು ಯಾರೂ ಹೇಳಲಿಲ್ಲ. ಹಿರಿಯರ ಗುಂಪು ಅಂತ ಎಲ್ಲಿ ಮಾಡಿದರೂ ಹೆಂಗಸರೇ ಜಾಸ್ತಿ. ಹಾಡು, ಕರಕುಶಲ ಅಂದರೆ ನಮ್ಮ ಮಾವ ಬಾಗಿಲಿಂದಲೇ ವಾಪಸ್.

ದಾರದುಂಡೆ:

ಮ್ಯಾಂಚೆಸ್ಟರಿನ ವಿಟ್‌ವರ್ತ್ ಗ್ಯಾಲರಿಯವರು ಇದಕ್ಕೆಂದೇ ಒಂದು ಕೈಪಿಡಿ ತಂದಿದ್ದಾರೆ, ವಯಸ್ಸಾದ ಗಂಡಸರನ್ನು ಹೇಗೆ ಒಳಗೊಳ್ಳುವುದು ಅಂತ. ನನ್ನ ಅನುಭವ ಹೇಳುವುದಾದರೆ, ‘ಬನ್ನಿ, ಮಾತಾಡೋಣ’ ಅಂದರೆ ಬರುವುದಿಲ್ಲ. ‘ಈ ಗಡಿಯಾರ ನಿಂತಿದೆ, ಸ್ವಲ್ಪ ನೋಡ್ತೀರಾ?’ ಅಂದರೆ ಬರುತ್ತಾರೆ. ಗಡಿಯಾರದ ಸುತ್ತ ಮಾತು ತಾನಾಗಿ ಹುಟ್ಟುತ್ತದೆ.

ಹಳೆಕಾಗದ:

ಗಡಿಯಾರ ಬಿಚ್ಚುವ ಮೊದಲು ನನಗೆ ಹೇಳಿ!!

ಜೋಡಿಹೆಜ್ಜೆ:

ಕಿವಿಯ ಬಗ್ಗೆ ಒಂದು ಮಾತು. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ವರ. ಸ, ಫ, ತ ಥರದ ಅಕ್ಷರಗಳು ಕಳಚಿಹೋಗುತ್ತವೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಹಾಗಾಗಿ ಕಿರುಚಿದರೆ ಪ್ರಯೋಜನ ಇಲ್ಲ. ಗೈಡ್ ಆದವರು ಗೋಡೆ ಕಡೆ ತಿರುಗಿ ಮಾತಾಡಬಾರದು. ಮೊದಲು ತೋರಿಸಿ, ಆಮೇಲೆ ಜನರ ಕಡೆ ಮುಖ ಮಾಡಿ ಹೇಳಬೇಕು. ಶ್ರವಣಯಂತ್ರಕ್ಕೆ ನೇರ ಧ್ವನಿ ಕಳಿಸುವ ಲೂಪ್ ಇದ್ದರೆ ಉತ್ತಮ. ಆದರೆ ಇದೆ ಅಂತ ಬೋರ್ಡ್ ಹಾಕಿ, ಅದು ಕೆಲಸ ಮಾಡುತ್ತಿದೆಯಾ ಅಂತ ಆಗಾಗ ನೋಡಿ. ಕೌಂಟರಿನಲ್ಲಿದ್ದವರಿಗೇ ಅದರ ಸ್ವಿಚ್ ಎಲ್ಲಿದೆ ಗೊತ್ತಿರುವುದಿಲ್ಲ.

ಕಿಟಕಿಬದಿ:

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಇವತ್ತು ಮೇಲಿನವರ ಜೊತೆ ಮಾತಾಡಿದೆ. ‘ಹಿರಿಯರ ದಿನ’ದ ಭಾಷಣ ಬಿಟ್ಟಿದ್ದಾರೆ, ದಿನ ಬಿಟ್ಟಿಲ್ಲ. ಇರಲಿ. ಆ ದಿನದ ದುಡ್ಡಿನಲ್ಲಿ ಕೈ ಇರುವ ಕುರ್ಚಿಗಳು ಬರುತ್ತವೆ, ಎರಡು ಗ್ಯಾಲರಿಗಾಗುವಷ್ಟು. ಉಳಿದ ಗ್ಯಾಲರಿಗೆ ಮಡಚುವ ಸ್ಟೂಲ್, ಬಾಗಿಲಲ್ಲೇ ಇಡುತ್ತೇವೆ, ಬೇಕಾದವರು ಜೊತೆಗೆ ಒಯ್ಯಬಹುದು. ಬೆಳಕಿನ ಸೆನ್ಸರ್‌ಗೆ ಮುಂದಿನ ವರ್ಷ ನೋಡೋಣ ಅಂದರು. ನಮ್ಮ ಸಂರಕ್ಷಣೆಯವರು ನಕಲು ಪ್ರತಿಗೆ ಒಪ್ಪಿದ್ದಾರೆ, ನಾನೇ ಹೋಗಿ ಕೇಳಿದೆ.

ಕಾರ್ಯಕ್ರಮ ಏನು ಅಂತ ಇನ್ನೂ ಬರೆದಿಲ್ಲ. ಮೊದಲು ಆರೇಳು ಹಿರಿಯರನ್ನು ಕರೆದು, ಅವರ ಜೊತೆ ಬಾಗಿಲಿನಿಂದ ಕೊನೆಯ ಕೋಣೆವರೆಗೆ ನಡೆಯಬೇಕು ಅಂತಿದ್ದೇನೆ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರಲು ಹುಡುಕುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಬರೆದುಕೊಳ್ಳುತ್ತೇನೆ. ಜೊತೆಗೆ ಹೆಸರು ಗೊತ್ತಿಲ್ಲದ ಒಂದಿಷ್ಟು ಸಾಮಾನು ಕೋಣೆಯಿಂದ ಹೊರಗೆ ತೆಗೆದಿಟ್ಟು, ‘ಇದೇನು ಅಂತ ನಿಮಗೇನಾದರೂ ಗೊತ್ತಾ?’ ಅಂತ ಕೇಳುತ್ತೇನೆ. ನಿಧಾನಸ್ತ ಸರ್, ಎಷ್ಟು ಹೊತ್ತಿಗೆ ಕರೆದರೆ ಅನುಕೂಲ?

ನಿಧಾನಸ್ತ:

ಬೆಳಿಗ್ಗೆ ಹನ್ನೊಂದು. ಅದಕ್ಕಿಂತ ಮೊದಲು ಬೇಡ. ಮಾತ್ರೆ, ಸ್ನಾನ, ಕೀಲುನೋವು ಎಲ್ಲ ಮುಗಿಯಬೇಕು. ಕತ್ತಲಾಗುವ ಮೊದಲು ಮನೆ ಸೇರುವಂತಿರಲಿ. ಶೌಚಾಲಯ ಎಲ್ಲಿದೆ ಅಂತ ಮೊದಲೇ ಹೇಳಿಬಿಡಿ, ಕೇಳಲು ನಾಚಿಕೆಪಟ್ಟುಕೊಳ್ಳುವವರು ಇರುತ್ತಾರೆ. ಮತ್ತೆ ಒಂದು ಗಂಟೆಗಿಂತ ಜಾಸ್ತಿ ನಡೆಸಬೇಡಿ. ಸಾಮಾನು ಗುರುತಿಸುವುದಕ್ಕೆ ಮಾತ್ರ ಎಷ್ಟು ಹೊತ್ತಾದರೂ ಪರವಾಗಿಲ್ಲ, ಕೂತು ಮಾಡುವುದಾದರೆ.

ಗುಳಿಗೆಚೀಟಿ:

ಆ ಆರೇಳು ಜನರಲ್ಲಿ ಇಬ್ಬರಾದರೂ ಮ್ಯೂಸಿಯಂಗೆ ಯಾವತ್ತೂ ಬರದವರು ಇರಲಿ. ಅವರನ್ನು ಮನೆಯಿಂದ ಕರೆದುಕೊಂಡು ಬಂದು ಬಿಡುವುದು ಯಾರು, ಅದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ.

ಕಿಟಕಿಬದಿ:

ಶಾಲಾ ಮಕ್ಕಳನ್ನು ಕರೆತರುವ ವ್ಯಾನ್ ಇದೆ. ಮೆಟ್ಟಿಲು ಎತ್ತರ. ಚಾಲಕರ ಹತ್ತಿರ ಮಾತಾಡಿ, ಕೆಳಗೊಂದು ಮಣೆ ಹಾಕಿಸಿದರೆ ಆಗುತ್ತದೆಯಾ ನೋಡಿ ಹೇಳುತ್ತೇನೆ.

ನಿಧಾನಸ್ತ:

ಮಣೆ ಅಲ್ಲಾಡಬಾರದು. ಹಿಡಿದುಕೊಳ್ಳಲು ಬಾಗಿಲ ಪಕ್ಕ ಒಂದು ಕಂಬಿ ಇರಲಿ.